ಅಳೆಯುವ ಪೆಟ್ಟಿಗೆ ಗುಜರಿಗೆ ಹೋಗುವ ಮುನ್ನ

ಪಂಜದ ಆಸುಪಾಸಿನ ಅಡಿಕೆ ತೋಟಗಳಲ್ಲಿ ಮಳೆಗಾಲದುದ್ದಕ್ಕೂ ನೀರಾವರಿ ಪಂಪಿಗೆ ಕೆಲಸವಿರುವುದಿಲ್ಲ. ಜೂನ್ ತಿಂಗಳಲ್ಲಿ ನಿಂತ ಮೋಟಾರು ಮತ್ತೆ ತಿರುಗುವುದು ಹಿಂಗಾರು ಮಳೆ ಹಿಂದೆ ಸರಿದು ತೋಟದ ಮಣ್ಣು ಒಣಗತೊಡಗಿದ ಮೇಲೆಯೇ. ಕೆರೆಯ ದಂಡೆಯ ಶೆಡ್ಡಿನಲ್ಲಿ ಐದಾರು ತಿಂಗಳು ಥಂಡಿ ಹೀರಿ ಕುಳಿತ ಮೋಟಾರಿಗೆ ಡಿಸೆಂಬರಿನ ಒಂದು ಬೆಳಿಗ್ಗೆ ಒಮ್ಮೆಲೇ ವಿದ್ಯುತ್ತು ಹಾಯಿಸಿದಾಗ, ನೀರು ಬರುವ ಬದಲು ವೈಂಡಿಂಗ್ ಸುಟ್ಟ ವಾಸನೆ ಬರುವುದುಂಟು. ಆಮೇಲೆ ಮೋಟಾರನ್ನು ಬಿಚ್ಚಿ, ಜೀಪಿಗೆ ಹೇರಿ, ಸುಳ್ಯಕ್ಕೋ ಪುತ್ತೂರಿಗೋ ಒಯ್ದು, ತಂತಿ ಹೊಸದಾಗಿ ಸುತ್ತಿಸಿಕೊಂಡು ಬರುವಷ್ಟರಲ್ಲಿ ದಿನಗಳು ಕಳೆದಿರುತ್ತವೆ, ಕಿಸೆಯೂ ಹಗುರವಾಗಿರುತ್ತದೆ.

ಸ್ವಿಚ್ಚು ಒತ್ತುವ ಮೊದಲು ಐದು ನಿಮಿಷದ ಒಂದು ಪರೀಕ್ಷೆಯನ್ನು ಮಾಡಿದ್ದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದಿತ್ತು. ಅದಕ್ಕೆ ಬೇಕಾದುದು ಮೆಗ್ಗರ್ ಎಂಬ ಹಳೆಯ ಉಪಕರಣ. ಲಂಡನ್ನಿನ ಎವರ್‌ಶೆಡ್ ಅಂಡ್ ವಿಗ್ನೋಲ್ಸ್ ಕಂಪೆನಿ 1903ರಲ್ಲಿಯೇ ಈ ಹೆಸರನ್ನು ನೋಂದಾಯಿಸಿತ್ತು. ಅದರ ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ಪುಟ್ಟ ಜನರೇಟರು ಸಾಮಾನ್ಯವಾಗಿ 500 ವೋಲ್ಟಿನಷ್ಟು ಒತ್ತಡವನ್ನು ಉಂಟುಮಾಡುತ್ತದೆ. ಮೋಟಾರಿನ ಸುರುಳಿಗೂ ಲೋಹದ ಮೈಗೂ ನಡುವಿನ ನಿರೋಧ ಎಷ್ಟೆಂಬುದನ್ನು ಮೇಲಿನ ಮುಳ್ಳು ತೋರಿಸುತ್ತದೆ. ತೋಟದ ಮೋಟಾರಿಗೆ ಅದು ಒಂದು ಮೆಗಾಓಮಿಗಿಂತ ಕಡಿಮೆಯಿದ್ದರೆ ಸುರುಳಿ ಥಂಡಿ ಹಿಡಿದಿದೆಯೆಂದೇ ತಿಳಿಯಬೇಕು. ಬಲ್ಬಿನ ಕಾವಿನಲ್ಲಿ ಒಂದೆರಡು ದಿನ ಒಣಗಿಸಿ, ಮತ್ತೆ ಅಳೆದು, ಮುಳ್ಳು ಮೇಲೇರಿದ ಬಳಿಕ ಚಾಲೂ ಮಾಡಿದರೆ ಮೋಟಾರು ಉಳಿಯುತ್ತದೆ. ಈ ಉಪಕರಣಕ್ಕೆ ಬ್ಯಾಟರಿಯೂ ಬೇಡ, ಕರೆಂಟೂ ಬೇಡ.

ಇಂತಹ ಉಪಕರಣಗಳು ಇಂದು ಎಲ್ಲಿವೆ? ಹಳೆಯ ವಿದ್ಯುತ್ ಗುತ್ತಿಗೆದಾರರ ಮನೆಯ ಅಟ್ಟದಲ್ಲಿ, ರೇಡಿಯೋ ರಿಪೇರಿ ಅಂಗಡಿಗಳ ಹಿಂಬದಿಯ ಕಪಾಟಿನಲ್ಲಿ, ಕಾಲೇಜುಗಳ ಉಗ್ರಾಣದಲ್ಲಿ ಧೂಳು ತಿನ್ನುತ್ತಿವೆ. ಮೆಗ್ಗರಿನ ಪಕ್ಕದಲ್ಲಿ ಮುಳ್ಳಿನ ಮಲ್ಟಿಮೀಟರು, ಆಸಿಲೋಸ್ಕೋಪು, ಸಿಗ್ನಲ್ ಜನರೇಟರು, ಪಿಎಚ್ ಮೀಟರುಗಳೂ ಇವೆ. ಕಡತದಲ್ಲಿ ಅವುಗಳ ಮುಂದೆ ‘ನಿರುಪಯುಕ್ತ’ ಎಂದು ಬರೆದಾಗುತ್ತದೆ. ಒಂದು ದಿನ ಗುಜರಿಯವನ ಲಾರಿ ಬರುತ್ತದೆ. ಅಳೆಯಲೆಂದೇ ಹುಟ್ಟಿದ ಯಂತ್ರಗಳನ್ನು ತಕ್ಕಡಿಯಲ್ಲಿಟ್ಟು ಕಿಲೋ ಲೆಕ್ಕದಲ್ಲಿ ಅಳೆಯಲಾಗುತ್ತದೆ. ಅವುಗಳಲ್ಲಿ ಅನೇಕವು ಕೆಟ್ಟಿರುವುದು ಕೆಲವೇ ರೂಪಾಯಿಗಳ ಒಂದೆರಡು ಬಿಡಿಭಾಗಗಳಿಂದ. ಅವನ್ನು ದುರಸ್ತಿ ಮಾಡಿ ಹಳ್ಳಿಗಳಲ್ಲಿಯೇ ಉಳಿಸಿಕೊಳ್ಳುವುದು ಹಳೆಯ ವಸ್ತುಗಳ ಮೇಲಿನ ಮೋಹದ ಪ್ರಶ್ನೆಯಷ್ಟೇ ಆಗಿದ್ದರೆ ಈ ಪುಟಗಳಲ್ಲಿ ಅದಕ್ಕೆ ಸ್ಥಳವಿರುತ್ತಿರಲಿಲ್ಲ. ತನ್ನ ಮಣ್ಣು, ನೀರು, ವಿದ್ಯುತ್ತುಗಳನ್ನು ತಾನೇ ಅಳೆದುಕೊಳ್ಳಬಲ್ಲ ಶಕ್ತಿ ಮಲೆನಾಡಿನ ಹಳ್ಳಿಗೆ ಇರಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಬಿಚ್ಚಲೆಂದೇ ಮಾಡಿದ ಯಂತ್ರಗಳು

ಮಾಪಕಗಳ ಚರಿತ್ರೆಯಲ್ಲಿ ಕೃಷಿಗೂ ಒಂದು ಪಾಲಿದೆ. ಎಲೆಕ್ಟ್ರಾನಿಕ್ ಪಿಎಚ್ ಮೀಟರು ಹುಟ್ಟಿದ್ದು ನಿಂಬೆಹಣ್ಣಿನಿಂದ ಎಂದರೆ ಅತಿಶಯೋಕ್ತಿಯಲ್ಲ. ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಹಕಾರ ಸಂಘದ ರಸಾಯನಶಾಸ್ತ್ರಜ್ಞರೊಬ್ಬರಿಗೆ ನಿಂಬೆರಸದ ಹುಳಿಯನ್ನು ನಿಖರವಾಗಿ ಅಳೆಯಬೇಕಾಗಿತ್ತು. ಅವರಿಗಾಗಿ ಆರ್ನಾಲ್ಡ್ ಬೆಕ್‌ಮನ್ 1934ರಲ್ಲಿ ನಿರ್ವಾತ ನಳಿಕೆಗಳನ್ನು ಬಳಸಿ ಒಂದು ಮಾಪಕವನ್ನು ಕಟ್ಟಿದರು. ಮುಂದಿನ ವರ್ಷ ಅದು ಮಾರಾಟಕ್ಕೆ ಬಂತು. ಇಂದು ಮಣ್ಣು ಪರೀಕ್ಷಾಲಯದ ಮೇಜಿನ ಮೇಲಿರುವ ಪೆಟ್ಟಿಗೆ ಅದರ ಸಂತತಿಯದೇ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯ ಹನ್ನೆರಡು ಅಂಶಗಳ ಪಟ್ಟಿಯಲ್ಲಿ ರಸಸಾರ ಮತ್ತು ವಿದ್ಯುದ್ವಾಹಕತೆ ಎರಡೂ ಸೇರಿವೆ. ಎರಡನ್ನೂ ಇಂತಹ ಸರಳ ಮಾಪಕಗಳಿಂದಲೇ ತಿಳಿಯುವುದು.

ಆ ಕಾಲದ ತಯಾರಕರು ತಮ್ಮ ಯಂತ್ರ ಒಂದು ದಿನ ಕೆಡುತ್ತದೆಂಬುದನ್ನು ಮೊದಲೇ ಒಪ್ಪಿಕೊಂಡಿದ್ದರು. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿದ ಏವೋಮೀಟರು 1923ರಲ್ಲಿ ಮಾರುಕಟ್ಟೆಗೆ ಬಂದು, ಅದರ ವಂಶದ ಕೊನೆಯ ಮಾದರಿ 2008ರವರೆಗೆ ತಯಾರಾಗುತ್ತಿತ್ತು. ಅಮೆರಿಕದ ಟೆಕ್‌ಟ್ರಾನಿಕ್ಸ್ ಕಂಪೆನಿ 1947ರಿಂದ ತಯಾರಿಸತೊಡಗಿದ ಆಸಿಲೋಸ್ಕೋಪುಗಳ ಕೈಪಿಡಿಯಲ್ಲಿ ಇಡೀ ಸರ್ಕ್ಯೂಟಿನ ನಕ್ಷೆ, ಬಿಡಿಭಾಗಗಳ ಪಟ್ಟಿ, ಹೊಂದಾಣಿಕೆಯ ಕ್ರಮ ಎಲ್ಲವೂ ಇರುತ್ತಿದ್ದವು. ಅದರ ಹಲವು ಮಾದರಿಗಳಲ್ಲಿ ಪಿಂಗಾಣಿ ಪಟ್ಟಿಗಳ ಬೆಸುಗೆಗೆ ಬೆಳ್ಳಿ ಬೆರೆತ ವಿಶೇಷ ಸೀಸ ಬೇಕಾಗುತ್ತಿತ್ತು. ಅಂತಹ ಬೆಸುಗೆ ತಂತಿಯ ಒಂದು ಪುಟ್ಟ ಸುರುಳಿಯನ್ನು ಯಂತ್ರದೊಳಗೇ ಇಟ್ಟು ಕಳುಹಿಸುತ್ತಿದ್ದರು. ಮುಂದೊಮ್ಮೆ ಇದನ್ನು ತೆರೆಯುವ ಅಪರಿಚಿತನಿಗೆಂದು ಕಟ್ಟಿಟ್ಟ ಬುತ್ತಿ ಅದು.

ಭಾರತದಲ್ಲಿಯೂ ಹೈದರಾಬಾದಿನ ಎಲಿಕೋ, ಅಹಮದಾಬಾದಿನ ಸಿಸ್ಟ್ರಾನಿಕ್ಸ್, ಠಾಣೆಯ ಆಪ್ಲ್ಯಾಬ್ ಮುಂತಾದ ಕಂಪೆನಿಗಳ ಮಾಪಕಗಳು ದೇಶದ ಪ್ರಯೋಗಾಲಯಗಳನ್ನು ತುಂಬಿದವು. ಹಳೆಯ ಮಾದರಿಗಳ ಮುಚ್ಚಳವನ್ನು ತೆಗೆಯಲು ನಾಲ್ಕು ತಿರುಪು ಬಿಚ್ಚಿದರೆ ಸಾಕು. ಒಳಗಿನ ಒಂದೊಂದು ಭಾಗವೂ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು. ಇಂದಿನ ಅಗ್ಗದ ಮಾಪಕದೊಳಗೆ ಕಪ್ಪು ರಾಳದ ಒಂದು ಬೊಟ್ಟಿನ ಕೆಳಗೆ ಎಲ್ಲವೂ ಹೂತುಹೋಗಿರುತ್ತದೆ. ಅದು ಕೆಟ್ಟರೆ ಎಸೆಯುವುದಲ್ಲದೆ ಬೇರೆ ದಾರಿಯಿಲ್ಲ. ಅದನ್ನು ನೋಡಿ ವಿದ್ಯಾರ್ಥಿಯೊಬ್ಬ ಕಲಿಯಬಹುದಾದುದೂ ಏನಿಲ್ಲ.

ಥಂಡಿಯ ಊರಿನ ರೋಗಗಳು

ಪಶ್ಚಿಮ ಘಟ್ಟದ ಬುಡದ ಊರುಗಳಲ್ಲಿ ಯಂತ್ರಗಳಿಗೆ ಬರುವ ರೋಗ ಬಯಲುಸೀಮೆಯದಕ್ಕಿಂತ ಭಿನ್ನ. ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ ಗೋಡೆ ಪಾಚಿಗಟ್ಟುವಂತೆ ಯಂತ್ರದ ಒಳಮೈಗೂ ಬೂಸ್ಟು ಹಿಡಿಯುತ್ತದೆ. ಸ್ವಿಚ್ಚುಗಳ ಸಂಪರ್ಕ ಬಿಂದುಗಳು ಕರಿಯಾಗುತ್ತವೆ. ಹಳೆಯ ಕಾರ್ಬನ್ ರೆಸಿಸ್ಟರುಗಳು ತೇವವನ್ನು ಹೀರಿ, ಮೈಮೇಲೆ ಬಣ್ಣದ ಪಟ್ಟಿ ಹೇಳುವ ಬೆಲೆಯಿಂದ ದೂರ ಸರಿಯುತ್ತವೆ. ಬೆಚ್ಚಗಿನ ಪೆಟ್ಟಿಗೆಯನ್ನು ಹುಡುಕಿ ಬರುವ ಇರುವೆ, ಹಲ್ಲಿಗಳ ಕಾಟ ಬೇರೆ. ವಿದ್ಯುತ್ತನ್ನು ಸಮಗೊಳಿಸುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು ಮಾತ್ರ ಊರು ಯಾವುದಾದರೂ ಕಾಲಕ್ರಮದಲ್ಲಿ ಒಳಗಿನ ದ್ರವ ಆರಿ ಸೊರಗುತ್ತವೆ. ಹಳೆಯ ಉಪಕರಣ ಮೌನವಾಯಿತೆಂದರೆ ಅನುಭವಿ ರಿಪೇರಿಗಾರ ಮೊದಲು ಸಂಶಯಿಸುವುದು ಅವನ್ನೇ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರವನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವುದು ದೊಡ್ಡ ತಪ್ಪು. ಸೊರಗಿದ ಕಂಡೆನ್ಸರು ಒಮ್ಮೆಲೇ ಪೂರ್ಣ ವೋಲ್ಟೇಜು ಬಿದ್ದರೆ ಸಿಡಿಯಬಹುದು. ಅದರ ಜೊತೆಗೆ ಟ್ರಾನ್ಸ್‌ಫಾರ್ಮರೂ ಸುಡಬಹುದು. ಹಳೆಯ ರೇಡಿಯೋ ಅಂಗಡಿಗಳಲ್ಲಿ ಇದಕ್ಕೆ ಒಂದು ಸರಳ ಉಪಾಯವಿತ್ತು: ಹಲಗೆಯ ಮೇಲೆ ಕೂರಿಸಿದ ಸೀರೀಸ್ ಬಲ್ಬು. ಯಂತ್ರಕ್ಕೆ ಹೋಗುವ ಕರೆಂಟು ಈ ತಂತಿಯ ಬಲ್ಬಿನ ಮೂಲಕವೇ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಬಲ್ಬು ಕ್ಷಣಕಾಲ ಬೆಳಗಿ ಮಂಕಾದರೆ ಮುಂದುವರಿಯಬಹುದು. ಎಲ್‌ಇಡಿ ಬಲ್ಬಿನಿಂದ ಈ ಕೆಲಸವಾಗದು. ಸೀರೀಸ್ ಬಲ್ಬಿನ ಅರ್ಥವನ್ನು ಬಲ್ಲ ಹಿರಿಯ ರಿಪೇರಿಗಾರರು ಪಂಜ, ಬೆಳ್ಳಾರೆ, ಗುತ್ತಿಗಾರಿನಂತಹ ಪೇಟೆಗಳಲ್ಲಿ ಬೆರಳೆಣಿಕೆಯಷ್ಟಾದರೂ ಉಳಿದಿರುವಾಗಲೇ ಆ ವಿದ್ಯೆ ಮುಂದಿನವರಿಗೆ ದಾಟಬೇಕಾಗಿದೆ.

ಪಿಎಚ್ ಮೀಟರಿನ ಉದಾಹರಣೆ ಇನ್ನೂ ಬೋಧಪ್ರದ. ಮಳೆಗಾಲದಲ್ಲಿ ಅದರ ಮುಳ್ಳು ನಿಲ್ಲದೆ ಅಲೆದಾಡುತ್ತದೆ. ‘ಮೀಟರು ಹೋಯಿತು’ ಎಂದು ಅದನ್ನು ಬದಿಗಿಡುತ್ತಾರೆ. ನಿಜಸ್ಥಿತಿ ಹಲವು ವೇಳೆ ಬೇರೆಯೇ ಆಗಿರುತ್ತದೆ. ಗಾಜಿನ ಎಲೆಕ್ಟ್ರೋಡಿನ ಒಳನಿರೋಧ ನೂರು ಮೆಗಾಓಮಿನ ಆಸುಪಾಸಿನದು. ಒಂದು ಪಿಎಚ್ ಅಂಶಕ್ಕೆ ಅದು ಕೊಡುವ ಸಂಕೇತ 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು 59 ಮಿಲಿವೋಲ್ಟ್ ಮಾತ್ರ. ಇಷ್ಟು ದುರ್ಬಲ ಸಂಕೇತ ಮೀಟರನ್ನು ಸೇರುವ ಸಾಕೆಟ್ಟಿನ ಮೇಲೆ ತೇವದ ಅಥವಾ ಬೂಸ್ಟಿನ ತೆಳುಪದರವಿದ್ದರೂ ಸೋರಿಹೋಗುತ್ತದೆ. ಎಲೆಕ್ಟ್ರೋಡನ್ನು ತೆಗೆದು, ಮೀಟರಿನ ಒಳಬಾಯಿಯನ್ನು ಒಂದು ತಂತಿಯಿಂದ ಶಾರ್ಟ್ ಮಾಡಿದಾಗ ಮುಳ್ಳು 7ರ ಬಳಿ ಸ್ಥಿರವಾಗಿ ನಿಂತರೆ ಮೀಟರಿನ ಒಡಲು ಬಹುಮಟ್ಟಿಗೆ ಆರೋಗ್ಯವಾಗಿದೆ. ದೋಷವಿರುವುದು ಎಲೆಕ್ಟ್ರೋಡಿನಲ್ಲಿ ಅಥವಾ ಒದ್ದೆ ಸಾಕೆಟ್ಟಿನಲ್ಲಿ. ಸಾಕೆಟ್ಟನ್ನು ಶುದ್ಧ ಆಲ್ಕೋಹಾಲಿನಿಂದ ಒರೆಸಿ, ಬಲ್ಬಿನ ಕಾವಿನಲ್ಲಿ ಒಣಗಿಸಿ, ಹೊಸ ಎಲೆಕ್ಟ್ರೋಡು ಜೋಡಿಸಿ, 4 ಮತ್ತು 7 ಪಿಎಚ್‌ನ ಬಫರ್ ದ್ರಾವಣಗಳಲ್ಲಿ ಹೊಂದಿಸಿದರೆ ‘ಸತ್ತ’ ಮೀಟರು ಮತ್ತೆ ಕೆಲಸಕ್ಕೆ ಬರುವುದು ಅಪರೂಪವಲ್ಲ. ಎಲೆಕ್ಟ್ರೋಡು ಬ್ಯಾಟರಿಯಂತೆ ಸವೆಯುವ ವಸ್ತು. ಅದು ಸವೆದ ಮಾತ್ರಕ್ಕೆ ಮೀಟರನ್ನೇ ಎಸೆಯುವುದು ಟಾರ್ಚಿನ ಸೆಲ್ಲು ಮುಗಿಯಿತೆಂದು ಟಾರ್ಚನ್ನೇ ಎಸೆದಂತೆ.

ಅಳತೆ ಯಾರ ಕೈಯಲ್ಲಿ?

ಅಳೆಯುವುದು ಹಳ್ಳಿಗೆ ಹೊಸತಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮುನ್ನ ಅದರಲ್ಲಿ ಹರಿತವಾದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುವ ಪದ್ಧತಿ ಇಲ್ಲಿನ ತೋಟಗಳಲ್ಲಿದೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ದ್ರಾವಣ ಇನ್ನೂ ಆಮ್ಲೀಯವಾಗಿದೆ, ಸುಣ್ಣ ಸಾಲದು ಎಂದು ಅರ್ಥ. ಕತ್ತಿಯನ್ನು ಅದ್ದುವ ರೈತ ಯಾವ ಮಾರಾಟಗಾರನ ಮಾತನ್ನೂ ನೆಚ್ಚಬೇಕಾಗಿಲ್ಲ. ಹುಳಿಮಣ್ಣಿನ ಈ ಸೀಮೆಯಲ್ಲಿ ತೋಟಕ್ಕೆ ಎಷ್ಟು ಸುಣ್ಣ ಬೇಕು, ಕೊಳವೆಬಾವಿಯ ನೀರಿನಲ್ಲಿ ಲವಣ ಹೆಚ್ಚುತ್ತಿದೆಯೇ, ಪಂಪು ಸುಡುವುದಕ್ಕೆ ಮನೆಯವರ ಅಲಕ್ಷ್ಯ ಕಾರಣವೋ ಲೈನಿನಲ್ಲಿ ಇಳಿದ ವೋಲ್ಟೇಜು ಕಾರಣವೋ, ಸಿಡಿಲಿನಿಂದ ಕಾಯಬೇಕಾದ ಅರ್ಥಿಂಗ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗಳಿಗೂ ಅಂತಹ ಸ್ವತಂತ್ರ ಉತ್ತರ ಬೇಕು. ದಿನಾಂಕ ಸಮೇತ ಬರೆದಿಟ್ಟ ವೋಲ್ಟೇಜಿನ ಅಂಕಿಗಳಿಗೆ, ಬರಿಯ ದೂರಿಗಿಲ್ಲದ ತೂಕವಿರುತ್ತದೆ.

ಪರಿಸರ ಹೋರಾಟಕ್ಕಂತೂ ಅಳತೆ ಎಷ್ಟು ಮುಖ್ಯವೆಂಬುದನ್ನು ನೆರೆಯ ಕಾಸರಗೋಡಿನ ಪಡ್ರೆ ಗ್ರಾಮ ತೋರಿಸಿಕೊಟ್ಟಿದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಊರಿನ ಜನ ಕಂಡ ಕಾಯಿಲೆಗಳನ್ನು ಊರಿನ ವೈದ್ಯರೂ ಪತ್ರಕರ್ತರೂ ಬರೆದು ಹೇಳಿದರು. ಆದರೆ ಚರ್ಚೆಯ ಸ್ವರೂಪ ಬದಲಾದುದು 2001ರಲ್ಲಿ, ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಾಲಯ ಅಲ್ಲಿನ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ವಿಷದ ಅಂಶವನ್ನು ಅಂಕಿಗಳಲ್ಲಿ ತೋರಿಸಿದಾಗ. ತೋಟದ ನಿಗಮ ಮಾಡಿಸಿದ ಇನ್ನೊಂದು ಪರೀಕ್ಷೆಯ ವರದಿ ಅದಕ್ಕೆ ವ್ಯತಿರಿಕ್ತವಾಗಿತ್ತು. ಅಂಕಿಗೆ ಎದುರಾಗಿ ಅಂಕಿ ನಿಂತಿತು. ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಆ ವಿಷವನ್ನು ತಡೆದುದು 2011ರಲ್ಲಿ. ಅಷ್ಟು ಸೂಕ್ಷ್ಮ ಪರೀಕ್ಷೆಗೆ ಬೇಕಾದ ಗ್ಯಾಸ್ ಕ್ರೊಮೆಟೋಗ್ರಾಫ್ ಹಳ್ಳಿಯ ಮೇಜಿನ ಮೇಲೆ ಕೂರುವ ಯಂತ್ರವಲ್ಲವೆಂಬುದು ನಿಜ. ಆದರೂ ಸ್ವತಃ ಅಳೆಯಲಾರದ ಊರು ಬೇರೆಯವರ ಅಳತೆಗಾಗಿ ಎಷ್ಟು ಕಾಲ ಕಾಯಬೇಕಾಗುತ್ತದೆಂಬುದನ್ನು ಮರೆಯಲಾಗದು.

ಕೀಟನಾಶಕದ ಅತ್ಯಲ್ಪ ಉಳಿಕೆಯನ್ನೂ ಪತ್ತೆಹಚ್ಚಬಲ್ಲ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರನ್ನು 1957ರಲ್ಲಿ ರೂಪಿಸಿದ ಬ್ರಿಟನ್ನಿನ ಜೇಮ್ಸ್ ಲವ್‌ಲಾಕ್ ತಮ್ಮ ಉಪಕರಣಗಳನ್ನು ತಾವೇ ಕಟ್ಟಿಕೊಳ್ಳುವವರಾಗಿದ್ದರು ಎಂಬುದು ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ. 1971ರಲ್ಲಿ ಸಂಶೋಧನಾ ಹಡಗೊಂದರಲ್ಲಿ ತಮ್ಮ ಸ್ವಂತ ತಯಾರಿಯ ಯಂತ್ರವನ್ನಿಟ್ಟುಕೊಂಡು ಹೋಗಿ, ದೂರದ ಸಾಗರದ ಗಾಳಿಯಲ್ಲಿಯೂ ಶೈತ್ಯಯಂತ್ರಗಳ ಅನಿಲವಿರುವುದನ್ನು ಅವರು ಅಳೆದರು. ಓಜೋನ್ ಪದರದ ಕುರಿತ ಮುಂದಿನ ಎಚ್ಚರಕ್ಕೆ ಆ ಅಳತೆ ಒಂದು ಮೆಟ್ಟಿಲಾಯಿತು.

ಎದುರು ನಿಲ್ಲುವ ವಾದಗಳು

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಕೆಲವು ನೂರು ರೂಪಾಯಿಗೆ ಹೊಸ ಡಿಜಿಟಲ್ ಮಲ್ಟಿಮೀಟರು ಸಿಗುವಾಗ ಹಳೆಯದಕ್ಕೆ ವಾರಗಟ್ಟಲೆ ಬೆಸುಗೆ ಹಾಕುವುದೇಕೆ ಎಂದು ಕೇಳಬಹುದು. ಬರಿಯ ಮಲ್ಟಿಮೀಟರಿನ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಕೆಟ್ಟದ್ದನ್ನು ಪರೀಕ್ಷಿಸಲು ಸರಿಯಾದ ಒಂದು ಹೊಸ ಮೀಟರು ಬೇಕೇ ಬೇಕು. ಆದರೆ ಮೆಗ್ಗರ್, ಅರ್ಥ್ ಟೆಸ್ಟರ್, ಪ್ರಯೋಗಾಲಯದ ಮಟ್ಟದ ಪಿಎಚ್ ಮೀಟರು, ಆಸಿಲೋಸ್ಕೋಪುಗಳ ಬೆಲೆ ಸಾವಿರಗಳಲ್ಲಿದೆ. ಗ್ರಾಮೀಣ ಶಾಲೆಯಾಗಲಿ ರೈತರ ಗುಂಪಾಗಲಿ ಅವನ್ನು ಸುಲಭವಾಗಿ ಕೊಳ್ಳಲಾರದು. ಹಳೆಯದರ ನಿಖರತೆಯ ಕುರಿತ ಸಂಶಯವೂ ನ್ಯಾಯವಾದುದೇ. ತಿಳಿದ ಬೆಲೆಯ ರೆಸಿಸ್ಟರು, ತಾಜಾ ಬಫರ್ ದ್ರಾವಣ, ನಂಬಬಹುದಾದ ಇನ್ನೊಂದು ಮೀಟರು ಇವುಗಳೊಂದಿಗೆ ಹೋಲಿಸಿ, ದಿನಾಂಕದ ಚೀಟಿ ಅಂಟಿಸದ ಯಾವ ಮಾಪಕವನ್ನೂ ಬಳಕೆಗೆ ಬಿಡಬಾರದು. ತಪ್ಪು ಅಳೆಯುವ ಯಂತ್ರ, ಯಂತ್ರವಿಲ್ಲದಿರುವುದಕ್ಕಿಂತ ಕೇಡು.

ಅಪಾಯದ ಪ್ರಶ್ನೆ ಇನ್ನೂ ಗಂಭೀರವಾದುದು. ಆಸಿಲೋಸ್ಕೋಪಿನ ನಳಿಕೆಗೆ ಸಾವಿರಾರು ವೋಲ್ಟಿನ ವಿದ್ಯುತ್ತು ಹೋಗುತ್ತದೆ. ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಅವನ್ನು ತಕ್ಕ ರೆಸಿಸ್ಟರಿನ ಮೂಲಕ ಬರಿದು ಮಾಡದೆ ಕೈ ಹಾಕಬಾರದು. ವಿದ್ಯಾರ್ಥಿಗಳು ಬಲ್ಲವರಿಲ್ಲದೆ ಒಂಟಿಯಾಗಿ ಇಂತಹ ಕೆಲಸಕ್ಕೆ ಇಳಿಯಲೇಬಾರದು. ಬೆಸುಗೆಯಲ್ಲಿ ಸೀಸವಿದೆ, ಹಳೆಯ ನಿಕ್ಕಲ್ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಇದೆ, ಎಪ್ಪತ್ತರ ದಶಕದ ಹಿಂದಿನ ಕೆಲವು ಎಣ್ಣೆ ತುಂಬಿದ ಕಂಡೆನ್ಸರುಗಳಲ್ಲಿ ಪಿಸಿಬಿ ಎಂಬ, ಪ್ರಕೃತಿಯಲ್ಲಿ ಕರಗದ ವಿಷವಿದೆ. ಕೆಲಸ ಮುಗಿಸಿ ಕೈತೊಳೆಯುವುದು, ಸೋರುತ್ತಿರುವ ಕಂಡೆನ್ಸರನ್ನು ಮುಟ್ಟದೆ ಪ್ರತ್ಯೇಕಿಸುವುದು ದುರಸ್ತಿಯ ಮೊದಲ ಪಾಠಗಳು.

ಈ ವಿಷಗಳೇ ದುರಸ್ತಿಯ ಪರವಾದ ವಾದವೂ ಹೌದು. ಗುಜರಿಗೆ ಹೋದ ಯಂತ್ರದಿಂದ ತಾಮ್ರ ತೆಗೆಯಲು ತಂತಿಯನ್ನು ಬಯಲಲ್ಲಿ ಸುಟ್ಟರೆ, ಉಳಿದುದನ್ನು ಗುಡ್ಡದ ಬದಿಗೆ ಎಸೆದರೆ, ಅದರ ರಸ ಮಳೆಗಾಲದ ನೀರಿನೊಡನೆ ಇಳಿಯುವುದು ಹಳ್ಳಕ್ಕೆ, ಹಳ್ಳದಿಂದ ಕುಮಾರಧಾರೆಗೆ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ನೇ ವರ್ಷವೊಂದರಲ್ಲೇ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದು ಶೇಕಡ 22.3 ಮಾತ್ರ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಪ್ರಯೋಗಾಲಯದ ಉಪಕರಣಗಳನ್ನೂ ತಮ್ಮ ವ್ಯಾಪ್ತಿಗೆ ತಂದಿವೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯನ್ನೂ ಜಾಲತಾಣವನ್ನೂ ರೂಪಿಸಿದೆ. ಆದರೆ ದುರಸ್ತಿ ಮಾಡಬಲ್ಲ ಕೈಗಳೇ ಇಲ್ಲದ ಊರಿನಲ್ಲಿ ದುರಸ್ತಿಯ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ.

ಆಗಬೇಕಾದುದು

ಆರಂಭಕ್ಕೆ ದೊಡ್ಡ ಯೋಜನೆಯೇನೂ ಬೇಡ. ಕಾಲೇಜುಗಳೂ ಪ್ರಯೋಗಾಲಯಗಳೂ ಹಳೆಯ ಮಾಪಕಗಳನ್ನು ಹರಾಜಿಗಿಡುವ ಮುನ್ನ, ತಮ್ಮ ನಿಯಮಗಳಿಗೆ ಒಳಪಟ್ಟು, ಗ್ರಾಮೀಣ ಶಾಲೆಗಳಿಗೋ ರೈತರ ಸಂಘಗಳಿಗೋ ವರ್ಗಾಯಿಸುವ ಅವಕಾಶವನ್ನು ಪರಿಶೀಲಿಸಬೇಕು. ಕೈಪಿಡಿಗಳನ್ನು ಯಂತ್ರಕ್ಕಿಂತ ಮೊದಲು ರಕ್ಷಿಸಬೇಕು. ಸರ್ಕ್ಯೂಟಿನ ನಕ್ಷೆಯಿಲ್ಲದ ಯಂತ್ರದ ದುರಸ್ತಿ ಕತ್ತಲಲ್ಲಿ ದಾರಿ ಹುಡುಕಿದಂತೆ. ತಿಂಗಳಿಗೊಂದು ಭಾನುವಾರ ಹಿರಿಯ ರಿಪೇರಿಗಾರರನ್ನು ಗೌರವಧನ ಕೊಟ್ಟು ಕರೆದು, ಸುಳ್ಯ, ಪುತ್ತೂರುಗಳ ಎಂಜಿನಿಯರಿಂಗ್ ಮತ್ತು ಐಟಿಐ ವಿದ್ಯಾರ್ಥಿಗಳನ್ನು ಅವರ ಪಕ್ಕದಲ್ಲಿ ಕೂರಿಸಬೇಕು. ಪುಸ್ತಕದಲ್ಲಿ ಸರ್ಕ್ಯೂಟು ಓದಿದವರಿಗೆ ಬೆಸುಗೆಯ ಕೈ ಕುದುರಬೇಕು. ಕೈ ಕುದುರಿದವರಿಗೆ ನಕ್ಷೆಯ ಭಾಷೆ ತಿಳಿಯಬೇಕು. ಇಲ್ಲಿ ಸಿಗದ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಿದೆ.

ದುರಸ್ತಿಯಾದ ಮಾಪಕಗಳು ಯಾರೊಬ್ಬರ ಕಪಾಟನ್ನೂ ಸೇರಬಾರದು. ಸಹಕಾರಿ ಸಂಘದಲ್ಲೋ ಗ್ರಂಥಾಲಯದಲ್ಲೋ, ಮಳೆಗಾಲದಲ್ಲಿ ಒಂದು ಸಣ್ಣ ಬಲ್ಬು ಉರಿಸಿ ಥಂಡಿ ಕಳೆಯುವ ಒಂದು ಬೀರುವಿನಲ್ಲಿ ಅವಿರಲಿ. ಪುಸ್ತಕದಂತೆ ಬರೆಸಿ ಒಯ್ಯಲಿ, ಬರೆಸಿ ಮರಳಿಸಲಿ. ಅಳೆದ ಅಂಕಿಯನ್ನು ಅದೇ ಪುಸ್ತಕದಲ್ಲಿ ದಾಖಲಿಸಲಿ. ಕೆಲವೇ ವರ್ಷಗಳಲ್ಲಿ ಆ ಪುಸ್ತಕ ಊರಿನ ಮಣ್ಣು, ನೀರು, ವೋಲ್ಟೇಜುಗಳ ಚರಿತ್ರೆಯಾಗುತ್ತದೆ. ದುರಸ್ತಿಗೆ ಮೀರಿದ ಯಂತ್ರಗಳಿಂದ ಸ್ವಿಚ್ಚು, ಗುಬುಟು, ಟ್ರಾನ್ಸ್‌ಫಾರ್ಮರುಗಳನ್ನು ಉಳಿಸಿಕೊಂಡು, ಉಳಿದುದನ್ನು ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು.

ಮೊದಲ ಹೆಜ್ಜೆಯಾಗಿ ಒಂದೇ ಒಂದು ಮೆಗ್ಗರ್ ಸಾಕು. ನವೆಂಬರಿನಲ್ಲಿ ಅದನ್ನು ಅಟ್ಟದಿಂದ ಇಳಿಸಿ, ಒರೆಸಿ, ಹೋಲಿಸಿ ನೋಡಿ, ಪಂಪು ಚಾಲೂ ಮಾಡುವ ಮುನ್ನ ತೋಟದಿಂದ ತೋಟಕ್ಕೆ ಕೊಂಡೊಯ್ದರೆ, ಆ ಬೇಸಿಗೆಯಲ್ಲಿ ಪಂಜದಿಂದ ರಿವೈಂಡಿಂಗಿಗೆ ಹೋಗುವ ಮೋಟಾರುಗಳು ಒಂದೆರಡಾದರೂ ಕಡಿಮೆಯಾದಾವು.